ದೇವರ ಭಯವೂ ಊರಿನ ಕಟ್ಟುಪಾಡೂ

ವಾರ್ತೆಯ ಹೊತ್ತಿನಲ್ಲಿ ಯಾರೋ ಬ್ಯಾಂಕಿನ ಹಣ ನುಂಗಿದ ಸುದ್ದಿ ಬಂದರೆ, ಇಲ್ಲವೆ ಮಕ್ಕಳು ಮುದಿ ತಂದೆತಾಯಿಯರನ್ನು ಬೀದಿಗೆ ಬಿಟ್ಟ ಸುದ್ದಿ ಬಂದರೆ, ರೇಡಿಯೋದ ಮುಂದೆ ಕುಳಿತ ಹಿರಿಯರೊಬ್ಬರು “ದೇವರ ಭಯವೇ ಹೋಯಿತು, ಇನ್ನೇನಾದೀತು?” ಎನ್ನುವುದುಂಟು. ಮಾತು ಚಿಕ್ಕದು. ಆದರೆ ಅದರ ಹಿಂದೆ ಒಂದು ಸಿದ್ಧಾಂತವೇ ಇದೆ. ಜನ ಸುಳ್ಳು ಹೇಳದಿರುವುದು, ಕದಿಯದಿರುವುದು, ಕೊಟ್ಟ ಮಾತಿಗೆ ನಿಲ್ಲುವುದು, ಇವೆಲ್ಲ ದೇವರಿಗೆ ಅಂಜಿ. ಆ ಅಂಜಿಕೆ ಕಳಚಿದರೆ ನಾಲ್ಕು ಜನ ಕೂಡಿ ಬಾಳುವುದಕ್ಕೆ ಆಧಾರವೇ ಉಳಿಯದು ಎಂಬುದು ಆ ಸಿದ್ಧಾಂತ. ಇದು ಎಷ್ಟರ ಮಟ್ಟಿಗೆ ನಿಜ? ದೂರದ ತತ್ತ್ವಜ್ಞಾನಿಗಳನ್ನು ಕರೆಯುವುದಕ್ಕೆ ಮೊದಲು ನಮ್ಮ ಗೌರಿಬಿದನೂರು ಸೀಮೆಯ ಸಾಕ್ಷ್ಯವನ್ನೇ ಕೇಳಿ ನೋಡಬಹುದು. ಈ ಸೀಮೆ ಇದಕ್ಕೆ ಹೇಳುವುದು ಬಹಳವಿದೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳೋಣ. “ಸಮಾಜಕ್ಕೆ ಧರ್ಮ ಬೇಕೆ?” ಎಂದು ಕನ್ನಡದಲ್ಲಿ ಕೇಳಿದರೆ ಅದು ಪ್ರಶ್ನೆಯೇ ಆಗುವುದಿಲ್ಲ. ಧರ್ಮಛತ್ರ, ಧರ್ಮಾಸ್ಪತ್ರೆ, ಧರ್ಮಸಂಕಟ ಎನ್ನುವಾಗಲೆಲ್ಲ ನಾವು ಧರ್ಮವೆಂಬ ಶಬ್ದದಿಂದ ನ್ಯಾಯವನ್ನೂ ದಾನವನ್ನೂ ಕರ್ತವ್ಯವನ್ನೂ ಒಟ್ಟಿಗೆ ಹೇಳುತ್ತೇವೆ. ಸಂತೆಯಲ್ಲಿ ಜೇಬುಗಳ್ಳನಿಗೆ ಬೀಳುವ ಧರ್ಮದೇಟೂ ಇದೇ ಕುಲದ್ದು! ಧರ್ಮ ಬೇಡವೆಂದರೆ ನೀತಿ ಬೇಡವೆಂದು ಹೇಳಿದಂತೆಯೇ ಕೇಳಿಸುತ್ತದೆ. ಆದುದರಿಂದ ದೇವರು, ಪೂಜೆ, ಶಾಸ್ತ್ರಗ್ರಂಥ, ಪರಲೋಕ ಇವುಗಳಲ್ಲಿನ ನಂಬಿಕೆಗೆ ಇಲ್ಲಿ ‘ಮತ’ವೆಂದೂ, ಮನುಷ್ಯರು ಪರಸ್ಪರ ನಡೆದುಕೊಳ್ಳುವ ಬಗೆಗೆ ‘ನೀತಿ’ಯೆಂದೂ ಕರೆಯುತ್ತೇನೆ. ಮತವಿಲ್ಲದೆ ನೀತಿ ನಿಂತೀತೆ ಎಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ.

ನಮ್ಮ ಹಿರಿಯರು ಈ ಪ್ರಶ್ನೆಗೆ ಕೊಟ್ಟ ಒಂದು ಉತ್ತರ ಕಲ್ಲಿನ ಮೇಲೆಯೇ ಉಳಿದಿದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯದು, ಗೌರಿಬಿದನೂರು ಆಗ ಆ ಜಿಲ್ಲೆಯ ತಾಲ್ಲೂಕು. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಭಾಗ ಚೆನ್ನಾಗಿ ಗೊತ್ತು. ಇಂಥ ಕೆರೆಗೆ, ಇಂಥ ಗುಡಿಗೆ, ಇಷ್ಟು ಗದ್ದೆ ಬಿಟ್ಟೆವು ಎಂದು ಹೇಳಿದ ಮೇಲೆ ಶಾಪ ಬರುತ್ತದೆ. ಈ ದಾನಕ್ಕೆ ಅಳುಪಿದವನು ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನು, ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂಬ ಬಗೆಯ ಮಾತುಗಳು. ರಿಜಿಸ್ಟ್ರಾರ್ ಕಚೇರಿ ಇಲ್ಲದ, ರಾಜ್ಯಗಳು ಏಳುತ್ತ ಬೀಳುತ್ತ ಇದ್ದ ಕಾಲದಲ್ಲಿ ಮುಂದಿನ ದೊರೆಯನ್ನು ಕಟ್ಟಿಹಾಕುವುದಕ್ಕೆ ಇದ್ದ ಹಗ್ಗ ಇದೊಂದೇ. ದೇವರ ಭಯವನ್ನು ಕಾಗದಪತ್ರದ ಹಾಗೆ ಬಳಸಿದ ಜಾಣತನ ಮೆಚ್ಚತಕ್ಕದ್ದು.

ಆದರೆ ಹಗ್ಗ ಎಷ್ಟು ಗಟ್ಟಿ? ಹಿಂದೆ ಬಿಟ್ಟ ದಾನ ನಡುವೆ ಕೆಟ್ಟುಹೋಗಿತ್ತು, ಈಗ ಮತ್ತೆ ಕೊಟ್ಟೆವು ಎಂದು ಹೇಳುವ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ಕಸಿದವರಿಗೂ ಶಾಪದ ಅಕ್ಷರ ಕಾಣುತ್ತಲೇ ಇತ್ತು. ಇದಕ್ಕಿಂತ ವಿನೋದದ ಸಂಗತಿ ಕೂಟಶಾಸನಗಳದು. ಗಂಗ ಅರಸರ ಹೆಸರಿನಲ್ಲಿ ದೊರೆತ ಎಷ್ಟೋ ತಾಮ್ರಪಟಗಳು ಆಮೇಲಿನವರು ಕಟ್ಟಿದ ಸುಳ್ಳು ಪತ್ರಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರು. ರೈಸರಿಗೂ ಅವರಿಗೂ ಈ ವಿಷಯದಲ್ಲಿ ಬಹುಕಾಲ ಜಗಳ ನಡೆಯಿತು. ಎಲ್ಲವೂ ಕೂಟವಲ್ಲದಿದ್ದರೂ ಕೆಲವು ಕೂಟವೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಆ ಸುಳ್ಳು ಪಟಗಳ ಕೊನೆಯಲ್ಲಿಯೂ ಅದೇ ಶಾಪ, ಅದೇ ಹುಳು, ಅದೇ ಅರುವತ್ತು ಸಾವಿರ ವರ್ಷ! ಬೇರೆಯವರ ಭೂಮಿಗೆ ಸುಳ್ಳು ಹಕ್ಕು ಬರೆದುಕೊಳ್ಳುತ್ತ ಕುಳಿತವನ ಕೈ ಆ ಸಾಲನ್ನು ಕೊರೆಯುವಾಗ ನಡುಗಲಿಲ್ಲ.

ಶಾಸನಗಳಲ್ಲಿ ಇನ್ನೊಂದು ಬಗೆಯೂ ಉಂಟು. ಎರಡು ಮತದವರೂ ಬಾಳುತ್ತಿದ್ದ ಕಡೆಗಳಲ್ಲಿ, ಹಿಂದೂ ತಪ್ಪಿದರೆ ಗೋವಿನ ಆಣೆ, ಮುಸಲ್ಮಾನ ತಪ್ಪಿದರೆ ಹಂದಿಯ ಆಣೆ ಎಂದು ಎರಡನ್ನೂ ಕೆತ್ತಿಸಿದ ದಖ್ಖನಿನ ಬರೆಹಗಳಿವೆ. ಇದನ್ನು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಆಣೆ ಎರಡು, ಆದರೆ ಕಾಪಾಡಬೇಕಾದ ಮಾತು ಒಂದೇ. ಈ ಜಮೀನನ್ನು ಕಸಿಯಬಾರದು ಎಂಬ ನೀತಿಯಲ್ಲಿ ಇಬ್ಬರೂ ಮೊದಲೇ ಒಪ್ಪಿದ್ದರು. ಒಪ್ಪಿದ ಮೇಲೆ ಅವರವರ ಮತದಿಂದ ಒಂದೊಂದು ಬೀಗ ತಂದು ಹಾಕಿದರು.

ಹೊಸ ಕಾಲದ ಭಾರತವೂ ಈ ಬೀಗದ ಪ್ರಶ್ನೆಯನ್ನು ಎದುರಿಸಬೇಕಾಯಿತು. ಸಂವಿಧಾನ ಸಭೆಯಲ್ಲಿ 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪೀಠಿಕೆಯನ್ನು “ದೇವರ ಹೆಸರಿನಲ್ಲಿ” ಎಂದು ಆರಂಭಿಸಬೇಕೆಂದು ತಿದ್ದುಪಡಿ ತಂದರು. ವಿರೋಧಿಸಿದವರೆಲ್ಲ ನಾಸ್ತಿಕರೆಂದು ನೀವು ತಿಳಿಯಬಾರದು. ಹೃದಯನಾಥ ಕುಂಜ್ರೂ ಅವರು, ಇಂಥ ಆತ್ಮಸಾಕ್ಷಿಯ ವಿಷಯದಲ್ಲಿ ಸಮೂಹದ ಅಭಿಪ್ರಾಯವನ್ನು ಒಬ್ಬರ ಮೇಲೂ ಹೇರಬಾರದೆಂದರು. ಪೂರ್ಣಿಮಾ ಬ್ಯಾನರ್ಜಿಯವರು ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ಸಭೆಯನ್ನು ಗುರಿಮಾಡಬೇಡಿರೆಂದು ಕೇಳಿಕೊಂಡರು. ಕಾಮತರು ಹಿಂತೆಗೆಯಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದು ತಿದ್ದುಪಡಿ ಸೋತಿತು. ಇಂದಿಗೂ ಮಂತ್ರಿಯಾಗುವವರ ಮುಂದೆ ಎರಡು ಮಾತುಗಳನ್ನು ಇಟ್ಟಿರುತ್ತಾರೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ದೃಢವಾಗಿ ಪ್ರತಿಜ್ಞೆ ಮಾಡಬಹುದು. ಅದರ ಮುಂದಿನ ವಾಕ್ಯಗಳು ಇಬ್ಬರಿಗೂ ಒಂದೇ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದವರು ಹೆಚ್ಚು ಪ್ರಾಮಾಣಿಕರಾಗಿ ಆಳಿದರೇ ಎಂಬುದನ್ನು ನಿಮ್ಮ ಅನುಭವಕ್ಕೇ ಬಿಡುತ್ತೇನೆ.

ಹಾಗಾದರೆ ಮತದಿಂದ ಏನೂ ಆಗಲಿಲ್ಲವೆ? ಹಾಗೆನ್ನುವುದು ತಪ್ಪು. ಗೌರಿಬಿದನೂರಿಗೆ ಹತ್ತಿರದ ವಿದುರಾಶ್ವತ್ಥವನ್ನು ನೆನೆಯಿರಿ. ವಿದುರನು ನೆಟ್ಟನೆಂದು ಹೇಳುವ ಅಶ್ವತ್ಥ, ಸಾಲುಸಾಲು ನಾಗರಕಲ್ಲು, ಪಕ್ಕದಲ್ಲಿ ಉತ್ತರ ಪಿನಾಕಿನಿ. 1938ರ ಏಪ್ರಿಲ್ 25ರಂದು, ಜಾತ್ರೆಗೆ ಜನ ಸೇರುವ ಆ ಕಾಲದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಧ್ವಜ ಸತ್ಯಾಗ್ರಹಕ್ಕೆಂದು ಸಾವಿರಾರು ಜನ ನೆರೆದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕದಲ್ಲಿ ಮೂವತ್ತನ್ನು ಮೀರಿತು. ಆ ಬಲಿದಾನದ ಬಳಿಕ ಮೈಸೂರು ಸರ್ಕಾರಕ್ಕೂ ಕಾಂಗ್ರೆಸ್ಸಿಗೂ ಒಪ್ಪಂದವಾಗಿ, ತ್ರಿವರ್ಣ ಧ್ವಜವನ್ನು ಹಾರಿಸಲು ದಾರಿಯಾಯಿತು. ಅಲ್ಲಿ ಪ್ರಾಣ ಕೊಟ್ಟವರನ್ನು ಒಂದುಗೂಡಿಸಿದ ಮೌಲ್ಯ ಸ್ವಾತಂತ್ರ್ಯ. ಅದು ಯಾವ ಪುರಾಣದಿಂದಲೂ ಬಂದುದಲ್ಲ. ಆದರೆ ಊರೂರಿನ ಜನ ಒಂದೆಡೆ ಕಲೆಯುವುದಕ್ಕೆ ಜಾಗವನ್ನೂ ದಿನವನ್ನೂ ಅಭ್ಯಾಸವನ್ನೂ ಕೊಟ್ಟದ್ದು ಜಾತ್ರೆಯೇ. ಮತದ ದೊಡ್ಡ ಉಪಕಾರ ಇದು. ನಿತ್ಯ ಕಲೆಯದ ಜನರನ್ನು ಅದು ಕಲೆಹಾಕುತ್ತದೆ.

ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ವರ್ಷ, ಅದೇ ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ. 1920ರ ಜೂನ್ 6ರಂದು ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬಸ್ಸಿನ ಚಾರ್ಜಿಗೆ ಹಣವಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಒಹೈಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಬಂದು ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ‘ಎಚ್ಚೆನ್’ ಎಂದರೆ ಸಾಕು, ಒಂದು ತಲೆಮಾರಿಗೆ ಬಿಳಿಯ ಖಾದಿ ಪಂಚೆ, ಜುಬ್ಬ, ಟೋಪಿ ಕಣ್ಣಿಗೆ ಕಟ್ಟುತ್ತದೆ.

ನಮ್ಮ ವಿಷಯಕ್ಕೆ ಅವರು ಬೇಕಾಗುವುದು ಇನ್ನೊಂದು ಕಾರಣಕ್ಕೆ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಹುಡುಗರಿಗೆ ಕಲಿಸಿದ ವಿಚಾರವಾದಿ ಅವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ ವಿಶ್ವವಿದ್ಯಾನಿಲಯದಿಂದಲೇ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿ, ತಾವೇ ಅಧ್ಯಕ್ಷರಾಗಿ, ಗಡಿಯಾಚೆಯ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ತಮ್ಮ ಪವಾಡಗಳನ್ನು ಪರೀಕ್ಷೆಗೆ ಒಪ್ಪಿಸಿರೆಂದು ಪತ್ರಗಳನ್ನು ಬರೆದರು. ಬಾಬಾ ಒಪ್ಪಲಿಲ್ಲ. ನಾಡಿನಲ್ಲೆಲ್ಲ ದೊಡ್ಡ ಗದ್ದಲವಾಯಿತು. ದೇವರ ಭಯವೇ ನೀತಿಗೆ ಮೂಲವೆಂದಾದರೆ, ಇಂಥವರ ಬದುಕಿನಲ್ಲಿ ಎಲ್ಲಿಯಾದರೂ ಬಿರುಕು ಕಾಣಬೇಕಾಗಿತ್ತು. ಕಂಡದ್ದೇನು? ಮದುವೆಯಾಗದೆ, ಆಸ್ತಿ ಮಾಡದೆ, ಬಸವನಗುಡಿಯ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ಕಡೆ ಕಾಲೇಜು ಬೆಳೆಸಿದರು. 2005ರ ಜನವರಿ 31ರಂದು ಅವರು ತೀರಿಕೊಂಡಾಗ ಅವರ ಪ್ರಾಮಾಣಿಕತೆಯನ್ನು ಮೊದಲು ನೆನೆದವರಲ್ಲಿ ದೈವಭಕ್ತರೂ ಇದ್ದರು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಸಹ. ಎಚ್ಚೆನ್ ಅವರಿಗೆ ಆದರ್ಶ ಗಾಂಧೀಜಿ. ಗಾಂಧೀಜಿಯೋ ಪ್ರಾರ್ಥನೆಯಿಲ್ಲದೆ ದಿನ ಕಳೆಯದವರು. ಹಾಗಾದರೆ ಮತದ ಬಂಡವಾಳವನ್ನೇ ವಿಚಾರವಾದಿ ಖರ್ಚುಮಾಡಿದಂತಾಗಲಿಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಸ್ವತಃ ಗಾಂಧೀಜಿಯವರೇ, “ದೇವರೇ ಸತ್ಯ” ಎನ್ನುತ್ತಿದ್ದವರು, 1931ರಲ್ಲಿ ಸ್ವಿಟ್ಜರ್ಲೆಂಡಿನ ಸಭೆಯೊಂದರಲ್ಲಿ “ಸತ್ಯವೇ ದೇವರು” ಎಂದು ಅದನ್ನು ಏಕೆ ತಿರುಗಿಸಿಕೊಂಡೆನೆಂಬುದನ್ನು ವಿವರಿಸಿದರು. ದೇವರನ್ನು ಅಲ್ಲಗಳೆಯುವವರು ಕೂಡ ಸತ್ಯವನ್ನು ಅಲ್ಲಗಳೆಯಲಾರರು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ನಾಸ್ತಿಕನಿಗೂ ಜಾಗವಿರುವಂತೆ ಬಾಗಿಲನ್ನು ಅಗಲಿಸಿದವರು ಆಸ್ತಿಕರಾದ ಗಾಂಧೀಜಿಯೇ. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಸಿನ ಸಾಕ್ರೆಟೀಸನ ಬಾಯಿಂದ ಪ್ಲೇಟೋ ಕೇಳಿಸಿದ ಪ್ರಶ್ನೆಯೂ ಹೀಗೆಯೇ ಇದೆ. ದೇವತೆಗಳು ಮೆಚ್ಚುವುದರಿಂದ ಒಂದು ಕೆಲಸ ಪುಣ್ಯವಾಗುವುದೋ, ಅದು ಪುಣ್ಯವಾಗಿರುವುದರಿಂದ ದೇವತೆಗಳು ಮೆಚ್ಚುವರೋ? ಎರಡನೆಯದೇ ಸರಿಯೆಂದರೆ, ಒಳ್ಳೆಯದನ್ನು ಗುರುತಿಸುವ ಕಣ್ಣು ನಮಗೆ ಮೊದಲೇ ಇದೆಯೆಂದಾಯಿತು.

ಇರಲಿ, ಒಬ್ಬ ಸಜ್ಜನನ ಬದುಕಿನಿಂದ ಇಡೀ ಸಮಾಜದ ಲೆಕ್ಕ ಸಿಕ್ಕುವುದಿಲ್ಲ. ಡೆನ್ಮಾರ್ಕ್, ಸ್ವೀಡನ್ನುಗಳಲ್ಲಿ ತಪ್ಪದೆ ಚರ್ಚಿಗೆ ಹೋಗುವವರು ಬಹಳ ಕಡಮೆ. ಆದರೂ ಅಪರಿಚಿತರನ್ನು ನಂಬುವ ಜನರೆಂದು ಆ ದೇಶಗಳಿಗೆ ಹೆಸರಿದೆ. ಇನ್ನೊಂದು ಕಡೆ, ಸೋವಿಯೆತ್ ರಷ್ಯದಲ್ಲಿ ಮತವನ್ನು ಸರ್ಕಾರವೇ ಅದುಮಿತು, ಸ್ಟಾಲಿನ್ನನ ಕಾಲದಲ್ಲಿ ನೆರೆಯವನು ನೆರೆಯವನನ್ನು ನಂಬದಂತಾಯಿತು. ಮತ ಇಲ್ಲದಿರುವುದರಿಂದಲೇ ನೀತಿ ಬಂದೀತೆಂಬ ಭರವಸೆಯೂ ಇಲ್ಲ. ಹಾಗಾದರೆ ನೀತಿಯನ್ನು ಹಿಡಿದು ನಿಲ್ಲಿಸುವುದು ಏನು? ಇದಕ್ಕೆ ನಮ್ಮ ಬಯಲುಸೀಮೆಯ ಕೆರೆಗಿಂತ ಒಳ್ಳೆಯ ಪಾಠಶಾಲೆ ನನಗೆ ತಿಳಿಯದು.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಉತ್ತರ ಪಿನಾಕಿನಿ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಬರುವುದೇನೋ ನಿಜ, ಆದರೆ ಬಹುಕಾಲ ಮರಳಿನ ಹಾದಿಯೇ. ಬಿದ್ದ ಮಳೆಯನ್ನು ಕೆರೆಯಲ್ಲಿ ನಿಲ್ಲಿಸಿ ಹಂಚಿಕೊಂಡರೆ ಬೆಳೆ, ಇಲ್ಲವಾದರೆ ಗುಳೆ. ಹಂಚುವ ಕೆಲಸ ನೀರುಗಂಟಿಯದು. ತೂಬು ಎತ್ತುವವನು ಅವನೊಬ್ಬನೇ. ಮೇಲಿನ ಗದ್ದೆಯ ಗೌಡರಾಗಲಿ ಶಾನುಭೋಗರಾಗಲಿ ತಾವಾಗಿ ತೂಬಿಗೆ ಕೈಹಾಕುವಂತಿಲ್ಲ. ಯಾವ ಗದ್ದೆಗೆ ಯಾವ ಹೊತ್ತು, ಎಷ್ಟು ಮಡೆ ನೀರು ಎಂಬುದು ಅವನ ತಲೆಯಲ್ಲಿ ಇರುತ್ತಿತ್ತು. ಕೆರೆ ಅರ್ಧ ತುಂಬಿದ ವರ್ಷ ಊರು ಸೇರಿ ದಾಮಾಷಾ ಗೊತ್ತುಮಾಡುತ್ತಿತ್ತು. ಎಂದರೆ, ಇರುವ ನೀರಿಗೆ ತಕ್ಕಂತೆ ಅಚ್ಚುಕಟ್ಟನ್ನು ಕುಗ್ಗಿಸಿ, ಪ್ರತಿಯೊಬ್ಬರಿಗೂ ಅವರ ಹಿಡುವಳಿಯ ಪ್ರಮಾಣದಲ್ಲಿ ಒಂದು ಪಾಲು ಮಾತ್ರ. ದೊಡ್ಡವನ ಗದ್ದೆ ಪೂರ್ತಿ ನೆನೆದು ಚಿಕ್ಕವನದು ಒಣಗುವ ಹಾಗಿಲ್ಲ. ಕಷ್ಟದಲ್ಲಿಯೂ ಎಲ್ಲರಿಗೂ ಪಾಲು.

ಇದಕ್ಕೆ ಮತದ ಉಡುಗೆಯೂ ಇತ್ತು. ಏರಿಯ ಮೇಲೆ ಗಂಗಮ್ಮ, ಕೋಡಿ ಬಿದ್ದ ದಿನ ಬಾಗಿನ, ಕೆಲವು ಕಡೆ ತೆಪ್ಪ. ಆದರೆ ನೀರು ಕದ್ದವನನ್ನು ಹಿಡಿದದ್ದು ಗಂಗಮ್ಮನಲ್ಲ, ನೀರುಗಂಟಿ. ದಂಡ ಹಾಕಿದ್ದು ಊರಿನ ಪಂಚಾಯಿತಿ. ಕಟ್ಟುಪಾಡು ನಿಂತದ್ದು ಪ್ರತಿಯೊಬ್ಬನಿಗೂ ಇನ್ನೊಬ್ಬನ ಮುಖ ನೋಡಿ ಬಾಳಬೇಕಾಗಿದ್ದುದರಿಂದ. ಇಂದು ನಾನು ನಿನ್ನ ಸರದಿ ಮುರಿದರೆ ನಾಳೆ ನನ್ನ ಸರದಿಗೆ ಗತಿಯೇನು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಹೂಳೆತ್ತುವುದಕ್ಕೆ ಮನೆಗೊಬ್ಬ ಆಳು ಬರಬೇಕೆಂದರೆ ಬರುತ್ತಿದ್ದರು.

ಈ ಚಿತ್ರವನ್ನು ಇಷ್ಟಕ್ಕೇ ಬಿಟ್ಟರೆ ಹಳೆಯ ಕಾಲವೇ ಚೆನ್ನೆಂಬ ಭ್ರಮೆ ಹುಟ್ಟೀತು. ನೀರುಗಂಟಿ ಬಹುಮಟ್ಟಿಗೆ ದಲಿತನಾಗಿರುತ್ತಿದ್ದ. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನೆಂದೇ ಅವನಿಗೆ ಪಕ್ಷಪಾತವಿಲ್ಲವೆಂಬ ನಂಬಿಕೆ. ಊರಿಗೆಲ್ಲ ನ್ಯಾಯವಾಗಿ ನೀರು ಹಂಚುವ ಆ ಮನುಷ್ಯ ದಣಿದು ಬಂದರೆ ಮೇಲಿನ ಕೇರಿಯ ಬಾವಿಯಲ್ಲಿ ಒಂದು ಬಿಂದಿಗೆ ಸೇದುವ ಹಾಗಿರಲಿಲ್ಲ. ಅವನು ಸೇದಿದರೆ ಬಾವಿ ಮೈಲಿಗೆ. ಇದನ್ನು ಸರಿಯೆಂದವರು ದೇವರ ಭಯವಿಲ್ಲದವರಲ್ಲ. ದೇವರ ಭಯದಿಂದಲೇ ಹಾಗೆ ನಡೆಯುತ್ತಿದ್ದೇವೆಂದು ಅವರು ತಿಳಿದಿದ್ದರು. ‘ಎಲ್ಲರೂ ಒಪ್ಪಿದ ನೀತಿ’ ಎನ್ನುವಾಗ, ಆ ಎಲ್ಲರಲ್ಲಿ ಯಾರುಯಾರನ್ನು ಎಣಿಸಿದ್ದೇವೆಂದು ಕೇಳಬೇಕಾಗುತ್ತದೆ. ಮತದೊಳಗಿನಿಂದ ಈ ಅನ್ಯಾಯವನ್ನು ಖಂಡಿಸಿದ ಶರಣರು, ಸಂತರು ನಮ್ಮಲ್ಲಿ ಇದ್ದರು, ಅದನ್ನು ಮರೆಯಬಾರದು. ಆದರೂ ಅಸ್ಪೃಶ್ಯತೆ ಅಪರಾಧವೆಂದು ಇಡೀ ದೇಶಕ್ಕೆ ಒಂದೇ ಮಾತಿನಲ್ಲಿ ಹೇಳಿದ್ದು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಹದಿನೇಳನೆಯ ವಿಧಿ. ಅದಕ್ಕೆ ಯಾವ ದೇವರ ಆಧಾರವನ್ನೂ ಅದು ಕೊಡಲಿಲ್ಲ. ಮೈಲಿಗೆ ಕಾನೂನಿನಿಂದಲೇ ಹೋಗಿಬಿಟ್ಟಿತೆಂದು ನಾನು ಹೇಳುವುದಿಲ್ಲ, ನೀವೂ ನಂಬುವುದಿಲ್ಲ. ಅನ್ಯಾಯವಾದವನಿಗೆ ದೂರು ಕೊಡಲು ಒಂದು ಬಾಗಿಲಾಯಿತು, ಅಷ್ಟೆ.

ಆಮೇಲೆ ಕೆರೆಯ ಕಥೆ ಏನಾಯಿತು? ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು. ಹುಟ್ಟಿನಿಂದ ಬಂದ ಊಳಿಗ ಹೋದದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಗೌರವದಿಂದ, ಸಂಬಳದಿಂದ ಮಾಡುವ ಇನ್ನೊಬ್ಬನನ್ನು ಹೆಚ್ಚು ಊರುಗಳು ನೇಮಿಸಿಕೊಳ್ಳಲಿಲ್ಲ. ಅದರ ಮೇಲೆ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿ ತನ್ನ ಪಂಪು; ನೆರೆಯವನ ಮುಖ ನೋಡಬೇಕಾದ ಅಗತ್ಯ ತಪ್ಪಿತು. ಹೂಳೆತ್ತಲು ಕರೆದರೆ ಬರುವವರಿಲ್ಲ, ರಾಜಕಾಲುವೆ ಒತ್ತುವರಿಯಾದರೆ ಕೇಳುವವರಿಲ್ಲ. ಈಗ ಗೌರಿಬಿದನೂರು ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳಲ್ಲಿ ಒಂದು. ಸಾವಿರ ಅಡಿ ದಾಟಿದ ಬಾವಿಗಳು ಇಲ್ಲಿ ಅಪರೂಪವಲ್ಲ. ಆ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು.

ಗಮನಿಸಿ, ಈ ಅವಧಿಯಲ್ಲಿ ದೇವರ ಭಕ್ತಿ ಕಡಮೆಯಾಗಲಿಲ್ಲ. ಗುಡಿಗಳಿಗೆ ಹೊಸ ಗೋಪುರ ಬಂದಿತು, ಜಾತ್ರೆಗೆ ಬಸ್ಸುಗಳು ಹೆಚ್ಚಿದವು, ಬಾವಿ ತೋಡಿಸುವ ಮೊದಲು ರಿಗ್ಗಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುವುದನ್ನು ಯಾರೂ ಬಿಡಲಿಲ್ಲ. ಗಂಗಮ್ಮನ ಪೂಜೆ ಉಳಿಯಿತು, ದಾಮಾಷಾ ಅಳಿಯಿತು. ದೇವರ ಭಯ ಹೋದದ್ದರಿಂದ ನೀತಿ ಹೋಯಿತೆಂಬ ಮಾತಿಗೆ ಈ ಕೆರೆಗಳ ಸಾಕ್ಷ್ಯ ಒಗ್ಗುವುದಿಲ್ಲ. ಒಬ್ಬರಿಗೊಬ್ಬರು ಉತ್ತರ ಕೊಡಬೇಕಾದ ಏರ್ಪಾಡು ಕಳಚಿದಾಗ ಪೂಜೆ ಇದ್ದೂ ನೀತಿ ನಿಲ್ಲಲಿಲ್ಲ. ಮತವು ಅಂಥ ಏರ್ಪಾಡಿಗೆ ನೆರವಾದ ಕಡೆ ಅದು ದೊಡ್ಡ ಬಲ. ನೆರವಾಗದ ಕಡೆ ಅದು ಬರಿಯ ಅರಿಸಿನ ಕುಂಕುಮ. ಶಾಲೆಯೋ, ಸಹಕಾರ ಸಂಘವೋ, ಗ್ರಾಮಸಭೆಯೋ ಆ ಏರ್ಪಾಡನ್ನು ನಡೆಸಿದರೆ, ನಂಬುವವನೂ ನಂಬದವನೂ ಒಂದೇ ಕಟ್ಟುಪಾಡಿಗೆ ಬರಬಲ್ಲರೆಂಬುದು ನನ್ನ ಅಭಿಪ್ರಾಯ.

ಅದನ್ನು ಪರೀಕ್ಷಿಸುವ ಕಾಲವೂ ಬಂದಿದೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಬಳಕೆಯ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬುವ ಯೋಜನೆ ನಡೆದಿದೆ. ಜನ ಅದನ್ನು ‘ಎಚ್.ಎನ್. ವ್ಯಾಲಿ’ ಎನ್ನುತ್ತಾರೆ, ಹೊಸೂರಿನ ಎಚ್ಚೆನ್ ಅವರ ಹೆಸರಿಗೂ ಇದಕ್ಕೂ ನಂಟಿಲ್ಲ, ಅಕ್ಷರ ಕೂಡಿಬಂದಿದೆ ಅಷ್ಟೆ. ಈ ನೀರನ್ನು ತೂಬಿನಿಂದ ಗದ್ದೆಗೆ ಬಿಡುವುದಕ್ಕಲ್ಲ, ಕೆರೆಯಲ್ಲಿ ನಿಂತು ಇಂಗಿ ಅಂತರ್ಜಲ ಏರಲಿ ಎಂಬುದು ಉದ್ದೇಶ. ನೆಲದ ಕೆಳಗೆ ಇಂಗಿದ ನೀರು ಯಾರ ಕಣ್ಣಿಗೂ ಕಾಣುವುದಿಲ್ಲ. ಅದು ಯಾರ ಪಾಲೆಂದು ಗುರುತು ಹಚ್ಚಿದವರೂ ಇಲ್ಲ. ಹೆಚ್ಚು ಆಳದ ಬಾವಿ, ಹೆಚ್ಚು ಬಲದ ಮೋಟಾರು ಇರುವವನು ರಾತ್ರಿಯೆಲ್ಲ ಎಳೆದರೆ ಪಕ್ಕದವನ ಬಾವಿ ಬೆಳಗ್ಗೆ ಬತ್ತಿರುತ್ತದೆ. ಎಷ್ಟು ಹೊತ್ತು ಪಂಪು ಹಾಕಬೇಕು, ಯಾವ ಬೆಳೆಗೆ ಹಾಕಬಾರದು, ಬರದ ವರ್ಷ ಯಾರು ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಕೆರೆಯ ಏರಿಯ ಮೇಲೆ ಕುಳಿತು ಗೊತ್ತುಮಾಡಬೇಕಾಗಿದೆ. ಲೆಕ್ಕ ಬರೆಯುವ ಒಬ್ಬ ನೀರುಗಂಟಿಯೂ ಬೇಕು, ಈ ಸಲ ಊರಿನ ಯಾವ ಬಾವಿಯಲ್ಲಿ ಬೇಕಾದರೂ ನೀರು ಸೇದಬಲ್ಲವನು.